ಪಟ್ಟಿಯಿಂದ ತೆಗೆಸುವ ಅರ್ಜಿಗೂ ಮುನ್ನ

ಪ್ರಶ್ನೆ: ನಮ್ಮ ಸಣ್ಣ ಸಂಸ್ಥೆಯ ಜಾಲತಾಣ, ಮೇಲ್ ಎರಡೂ ಒಂದೇ ಸರ್ವರ್‌ನಲ್ಲಿವೆ. ಅದರ ಐಪಿ ವಿಳಾಸ ಸ್ಪ್ಯಾಮ್ (ಬೇಡದ ಮೇಲ್) ತಡೆಯಲು ಮೇಲ್ ಸರ್ವರ್‌ಗಳು ನೋಡುವ ಕಪ್ಪುಪಟ್ಟಿಗೆ ಸೇರಿತು. ಅರ್ಜಿ ಹಾಕಿ ತೆಗೆಸಿದರೆ ಮತ್ತೆ ಸೇರಿತು. ನಾವು ಜಾಹೀರಾತು ಮೇಲ್ ಕಳುಹಿಸುವುದೇ ಇಲ್ಲ, ಮೇಲ್ ಲಾಗ್‌ನಲ್ಲೂ (ಹೋದ-ಬಂದ ಮೇಲ್‌ನ ದಾಖಲೆಯಲ್ಲೂ) ಏನೂ ಕಾಣುತ್ತಿಲ್ಲ. ಐಪಿ ಬದಲಿಸಿಬಿಡೋಣವೇ?

ಉತ್ತರ: ದಯವಿಟ್ಟು ಬೇಡ. ಕಾರಣ ಸರ್ವರ್‌ನೊಳಗೇ ಇದ್ದರೆ ಹೊಸ ಐಪಿಗೂ ಅದೇ ಗತಿ. ಮೇಲಾಗಿ, ಹಿಂದೆಂದೂ ಮೇಲ್ ಕಳುಹಿಸದ ಐಪಿಯನ್ನು ದೊಡ್ಡ ಮೇಲ್ ಸೇವೆಗಳು ಮೊದಲಿಗೆ ಅನುಮಾನದಿಂದಲೇ ನೋಡುತ್ತವೆ.

ಯಾವ ಪಟ್ಟಿ ಎಂದು ನೀವು ಬರೆದಿಲ್ಲ. ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಸ್ಪ್ಯಾಮ್‌ಹೌಸ್‌ನಂಥ ಒಂದೇ ಸಂಸ್ಥೆ ಹಲವು ಪಟ್ಟಿಗಳನ್ನು ನಡೆಸುತ್ತದೆ. ಅದರ ಪಿಬಿಎಲ್‌ನಲ್ಲಿದ್ದರೆ ಅದು ಆರೋಪವಲ್ಲ. ಮನೆಯ ಇಂಟರ್‌ನೆಟ್ ಸಂಪರ್ಕಗಳಂಥ, ನೇರವಾಗಿ ಮೇಲ್ ಕಳುಹಿಸಬಾರದ ಐಪಿಗಳ ಪಟ್ಟಿ ಅದು. ಎಕ್ಸ್‌ಬಿಎಲ್‌ನಲ್ಲಿದ್ದರೆ ಮಾತ್ರ ಗಾಬರಿಪಡಲೇಬೇಕು: ನಿಮ್ಮ ಯಂತ್ರ ಅನ್ಯರ ಕೈವಶವಾಗಿರುವ ಲಕ್ಷಣ ಕಂಡಿದೆ ಎಂದು ಅರ್ಥ. ಸ್ಪ್ಯಾಮ್‌ಕಾಪ್ ಪಟ್ಟಿಯಾದರೆ, ಹೊಸ ದೂರು ಬಾರದಿದ್ದರೆ 24 ಗಂಟೆಗಳಲ್ಲಿ ತಾನಾಗಿ ಹೊರಬರುತ್ತೀರಿ.

ತೆಗೆಸಿದ ಮೇಲೂ ಮತ್ತೆ ಸೇರಿದೆ ಎಂದರೆ ಕೆಟ್ಟ ಮೇಲ್ ಇನ್ನೂ ಹೊರಗೆ ಹೋಗುತ್ತಲೇ ಇದೆ ಎಂದೇ ನಾನು ಹಿಡಿಯುತ್ತೇನೆ. ಲಾಗ್‌ನಲ್ಲಿ ಏನೂ ಇಲ್ಲವೆಂಬುದು ಸಮಾಧಾನದ ವಿಷಯವಲ್ಲ, ಅದೇ ಸುಳಿವು. ಜಾಲತಾಣದ ಹಳೆಯ ಪ್ಲಗಿನ್ ಒಂದರ ಮೂಲಕ ಒಳನುಗ್ಗಿದ ಸ್ಕ್ರಿಪ್ಟ್‌ಗೆ ನಿಮ್ಮ ಮೇಲ್ ತಂತ್ರಾಂಶದ ಹಂಗೇ ಬೇಡ. ಅದು ನೇರವಾಗಿ ಹೊರಗಿನ ಸರ್ವರ್‌ಗಳ 25ನೇ ಪೋರ್ಟ್‌ಗೆ, ಅಂದರೆ ಸರ್ವರ್‌ಗಳ ನಡುವೆ ಮೇಲ್ ಸಾಗುವ ದ್ವಾರಕ್ಕೆ, ಸಂಪರ್ಕ ಮಾಡಿ ಸ್ಪ್ಯಾಮ್ ಸುರಿಯುತ್ತದೆ. ಮೇಲ್ ಲಾಗ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಆದ್ದರಿಂದ ಈ ದಿನವೇ ಫೈರ್‌ವಾಲ್‌ನಲ್ಲಿ ಒಂದು ನಿಯಮ ಹಾಕಿ: ಮೇಲ್ ತಂತ್ರಾಂಶದ ಬಳಕೆದಾರ ಖಾತೆಯನ್ನು ಬಿಟ್ಟು ಬೇರೆ ಯಾವುದೂ 25ನೇ ಪೋರ್ಟ್ ಮೂಲಕ ಹೊರಗೆ ಹೋಗಬಾರದು, ಹೋಗಲು ಯತ್ನಿಸಿದರೆ ದಾಖಲಾಗಬೇಕು. ಯಾವ ಖಾತೆ ಯತ್ನಿಸುತ್ತಿದೆ ಎಂಬ ದಾಖಲೆಯೇ ನಿಮ್ಮನ್ನು ಆ ಸ್ಕ್ರಿಪ್ಟ್‌ನ ಬಳಿಗೆ ಕರೆದೊಯ್ಯುತ್ತದೆ. ಸ್ಕ್ರಿಪ್ಟ್ ಅಳಿಸಿದರೆ ಸಾಲದು, ಅದು ಬಂದ ದಾರಿಯನ್ನು ಮುಚ್ಚಬೇಕು, ಎಲ್ಲ ಪಾಸ್‌ವರ್ಡ್ ಬದಲಿಸಬೇಕು. ಅಲ್ಲಿಯವರೆಗೆ ಮತ್ತೊಂದು ಅರ್ಜಿ ಹಾಕಬೇಡಿ. ಪದೇಪದೇ ತೆಗೆಸಿ ಪದೇಪದೇ ಸೇರುವ ಐಪಿಯ ಮಾತನ್ನು ಯಾರೂ ನಂಬುವುದಿಲ್ಲ.

ಫೈರ್‌ವಾಲ್‌ಗೆ ಏನೂ ಸಿಕ್ಕಿಬೀಳದಿದ್ದರೆ ಸಿಬ್ಬಂದಿಯ ಮೇಲ್ ಫಾರ್ವರ್ಡಿಂಗ್ ನೋಡಿ. ಕಚೇರಿ ವಿಳಾಸಕ್ಕೆ ಬಂದ ಸ್ಪ್ಯಾಮ್ ಅನ್ನು ಖಾಸಗಿ ವಿಳಾಸಕ್ಕೆ ದಾಟಿಸುವಾಗ, ಅದನ್ನು ಕಳುಹಿಸಿದ ಐಪಿ ನಿಮ್ಮದೇ ಆಗುತ್ತದೆ. ಇಲ್ಲದ ವಿಳಾಸಕ್ಕೆ ಬಂದ ಮೇಲ್ ಅನ್ನು ಬಾಗಿಲಲ್ಲೇ ನಿರಾಕರಿಸಿ. ಒಳಗೆ ತೆಗೆದುಕೊಂಡು ಆಮೇಲೆ ಹಿಂದಿರುಗಿಸಿದರೆ ಆ ವಾಪಸಾತಿ ಪತ್ರ ಹೋಗುವುದು ಸ್ಪ್ಯಾಮರ್ ಕದ್ದು ಬಳಸಿದ ಯಾರೋ ಅಮಾಯಕರ ವಿಳಾಸಕ್ಕೆ. ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕಿಮ್ ಸರಿ ಇರಲಿ. ಆದರೆ ಇವು ನಿಮ್ಮ ಗುರುತನ್ನು ಸಾಬೀತುಪಡಿಸುತ್ತವೆಯೇ ಹೊರತು ಸ್ಪ್ಯಾಮ್ ಹೋಗುವುದನ್ನು ತಡೆಯುವುದಿಲ್ಲ.

ಪ್ರಶ್ನೆ: ನನ್ನ ಐಪಿಯನ್ನು ಸ್ಪ್ಯಾಮ್‌ಹೌಸ್‌ನಲ್ಲಿ ಪರೀಕ್ಷಿಸಿದರೆ 127.255.255.254 ಎಂದು ಬರುತ್ತದೆ. ಇದು ಯಾವ ಪಟ್ಟಿ?

ಉತ್ತರ: ಯಾವ ಪಟ್ಟಿಯೂ ಅಲ್ಲ. ಈ ಪಟ್ಟಿಗಳನ್ನು ಕೇಳುವುದು ಡಿಎನ್‌ಎಸ್ (ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂಲಕ, ಉತ್ತರ ಬರುವುದೂ ಐಪಿ ವಿಳಾಸದ ರೂಪದಲ್ಲೇ. ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದ್ದೀರಿ, ಅಂಥ ಪ್ರಶ್ನೆಗೆ ಉತ್ತರಿಸುವುದಿಲ್ಲ ಎಂಬ ಸೂಚನೆ ಅದು. ನಿಮ್ಮ ಸರ್ವರ್‌ನಲ್ಲೇ ಸ್ವಂತ ಡಿಎನ್‌ಎಸ್ ರಿಸಾಲ್ವರ್ (ಇಂಥ ಪ್ರಶ್ನೆ ಕೇಳಿ ಉತ್ತರ ತರುವ ತಂತ್ರಾಂಶ) ನಡೆಸಿ, ಮೊದಲು 127.0.0.2 ಎಂಬ ಪರೀಕ್ಷಾ ವಿಳಾಸವನ್ನು ಕೇಳಿ ನೋಡಿ. ಅದು ಯಾವಾಗಲೂ ಪಟ್ಟಿಯಲ್ಲಿರುತ್ತದೆ, ಇದೆ ಎಂಬ ಉತ್ತರ ಬಂದರೆ ನಿಮ್ಮ ಪರೀಕ್ಷೆ ಸರಿಯಾಗಿದೆ. ಒಳಬರುವ ಮೇಲ್ ತಡೆಯಲು ಇದೇ ಪಟ್ಟಿಯನ್ನು ಬಳಸುತ್ತಿದ್ದರೆ ಈಗಲೇ ಸೆಟ್ಟಿಂಗ್ ನೋಡಿ: 127.255.255.254 ಅನ್ನೂ 'ಪಟ್ಟಿಯಲ್ಲಿದೆ' ಎಂದು ಓದಿಕೊಳ್ಳುವ ಸರ್ವರ್, ಬರುವ ಒಳ್ಳೆಯ ಮೇಲ್ ಅನ್ನೆಲ್ಲ ತಿರಸ್ಕರಿಸುತ್ತಾ ಹೋಗುತ್ತದೆ.