ತೀರ್ಪುಗಾರರ ಕುರ್ಚಿ ನನಗೆ ಬೇಡ

ಓದುಗರ ಪತ್ರ: ಡಿಸೆಂಬರ್‌ನಲ್ಲಿ ಕೊಪ್ಪಳದಲ್ಲಿ ಮೂರು ದಿನ ಮಕ್ಕಳ ಚಿತ್ರೋತ್ಸವ ಮಾಡಬೇಕೆಂದಿದ್ದೇವೆ. ಎಂಟರಿಂದ ಹದಿನಾರು ವರ್ಷದವರು ಬರುತ್ತಾರೆ. ಬೇರೆ ಭಾಷೆಯ ಚಿತ್ರ ಹಾಕಿದರೆ ನಮ್ಮ ಹುಡುಗರಿಗೆ ತಿಳಿದೀತೇ? ಬಹುಮಾನದ ಚಿತ್ರ ಆರಿಸಲು ತಾವು ತೀರ್ಪುಗಾರರಾಗಿ ಬರಬೇಕು.
– ಒಬ್ಬ ಶಿಕ್ಷಕರು, ಕುಷ್ಟಗಿ ತಾಲ್ಲೂಕು

ಉತ್ತರ: ಮಾಸ್ತರೇ, ಬರುತ್ತೇನೆ. ಆದರೆ ಹಿಂದಿನ ಸಾಲಿನಲ್ಲಿ ಕೂತು ನೋಡಲು ಮಾತ್ರ.

ಕೆಲವು ವರ್ಷದ ಹಿಂದೆ ಒಂದು ಶಾಲೆಗೆ ಇದೇ ಕೆಲಸಕ್ಕೆ ಹೋಗಿದ್ದೆ. ನಾವು ಮೂವರು ದೊಡ್ಡವರು ಸೇರಿ, ಗಿಡ ನೆಡಿ ಎಂದು ಬುದ್ಧಿ ಹೇಳುವ ಚಿತ್ರಕ್ಕೆ ಬಹುಮಾನ ಕೊಟ್ಟೆವು. ಅದು ನಡೆಯುವಾಗ ಅರ್ಧ ಹುಡುಗರು ತೂಕಡಿಸುತ್ತಿದ್ದರು. ಅವರು ಮಂಡಿಯೂರಿ ಎದ್ದು ನೋಡಿದ್ದು, ತಪ್ಪಿಸಿಕೊಂಡ ಮೇಕೆಮರಿ ಹುಡುಕುವ ಹುಡುಗಿಯ ಚಿತ್ರ. ಅದಕ್ಕೆ ನಾವು ಸಮಾಧಾನಕರ ಬಹುಮಾನವನ್ನೂ ಕೊಡಲಿಲ್ಲ! ಈಗಲೂ ನಾಚಿಕೆಯಾಗುತ್ತದೆ.

ಇಟಲಿಯಲ್ಲಿ ಜಿಫೋನಿ ಅಂತ ಒಂದು ಸಣ್ಣ ಊರಿದೆ. ನಿಮ್ಮ ಕುಷ್ಟಗಿ ಕಡೆ ದಾಳಿಂಬೆ ಇದ್ದ ಹಾಗೆ ಅಲ್ಲಿ ಹೇಝಲ್‌ನಟ್ ಬೆಳೆ. 1971ರಲ್ಲಿ ಅಲ್ಲಿ ಮಕ್ಕಳ ಚಿತ್ರೋತ್ಸವ ಶುರುವಾಯಿತು. ಅಲ್ಲಿ ತೀರ್ಪುಗಾರರು ಮಕ್ಕಳೇ. ವಯಸ್ಸಿನ ಪ್ರಕಾರ ಗುಂಪು ಮಾಡಿ ಕೂರಿಸುತ್ತಾರೆ, ಚಿತ್ರ ಮಾಡಿದವರಿಗೆ ಮಕ್ಕಳೇ ಪ್ರಶ್ನೆ ಕೇಳುತ್ತಾರೆ. ಚಿನ್ನದ ಆನೆ ಪ್ರಶಸ್ತಿ ಕೊಡುವ ನಮ್ಮ ದೇಶದ ಮಕ್ಕಳ ಚಿತ್ರೋತ್ಸವ 1979ರಲ್ಲಿ ಹುಟ್ಟಿ, 1995ರಿಂದ ಪಕ್ಕದ ಹೈದರಾಬಾದನ್ನೇ ಮನೆ ಮಾಡಿಕೊಂಡಿತ್ತು. ಅಲ್ಲೂ ಮಕ್ಕಳ ತೀರ್ಪುಗಾರರ ತಂಡ ಇತ್ತು.

ಎಂಟರವರನ್ನೂ ಹದಿನಾರರವರನ್ನೂ ಒಟ್ಟಿಗೆ ಕೂರಿಸಬೇಡಿ. ಚಿಕ್ಕವರು ಅಂಜುವ ಕಡೆ ದೊಡ್ಡವರು ನಗುತ್ತಾರೆ, ಕೆಲಸ ಕೆಡುತ್ತದೆ. ದೊಡ್ಡವರಿಗೆ 1994ರ ‘ಕೊಟ್ರೇಶಿ ಕನಸು’ ಹಾಕಬಹುದು. ಕಥೆ ಕೊಟ್ಟೂರಿನ ಕುಂ. ವೀರಭದ್ರಪ್ಪನವರದು, ನಮ್ಮ ಸೀಮೆಯದೇ ಅಲ್ವಾ.

ಇನ್ನು ಭಾಷೆ. ಮೂರನೇ ಕ್ಲಾಸಿನ ಮಗು ಪರದೆಯ ಕೆಳಗೆ ಓಡುವ ಅಕ್ಷರ ಓದುವಷ್ಟರಲ್ಲಿ ಕುದುರೆ ಊರು ದಾಟಿರುತ್ತದೆ. ಬರ್ಲಿನ್ ಚಿತ್ರೋತ್ಸವದ ಮಕ್ಕಳ ವಿಭಾಗದಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ: ಚಿತ್ರ ಓಡುತ್ತಿರುವಾಗಲೇ ಒಬ್ಬರು ಮೈಕ್ ಹಿಡಿದು ಮಾತುಗಳನ್ನು ಜರ್ಮನ್‌ನಲ್ಲಿ ಹೇಳುತ್ತಾ ಹೋಗುತ್ತಾರೆ. ಇದನ್ನು ಕೇಳಿ ನನಗೆ ನಗು ಬಂತು. ನಿಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯವರು ಪರದೆ ಹಿಂದೆ ಕೂತು ಮಾಡುತ್ತಾ ಬಂದದ್ದೂ ಇದೇ ಕೆಲಸ. ಆ ಊರಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ನಿಮಗೂ ಗೊತ್ತು. ಅಲ್ಲಿಯ ದನಿಯುಳ್ಳ ಒಬ್ಬರನ್ನು ಕರೆದು, ಚಿತ್ರವನ್ನು ಎರಡು ಸಲ ಮುಂಚೆಯೇ ತೋರಿಸಿ, ಮೈಕ್ ಕೊಟ್ಟು ನೋಡಿ. ಸಂಭಾವನೆ ಮರೆಯಬೇಡಿ.

ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಕಾಪಿ ಹಾಕಬೇಡಿ, ನಿರ್ಮಾಪಕರಿಂದ ಅನುಮತಿ ಪತ್ರ ತರಿಸಿ. 1955ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಕ್ಕಳ ಚಿತ್ರ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ಆ ಹಳೆಯ ಚಿತ್ರಗಳಿಗೆ ನಿಗಮಕ್ಕೇ ಬರೆಯಿರಿ, ಈಗಲೇ ಬರೆಯಿರಿ.

ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ, ಆ ಜಾಗದಲ್ಲಿ ಏಳನೇ ಕ್ಲಾಸಿನ ಯಾರನ್ನಾದರೂ ಸೇರಿಸಿ. ಜಾಣರನ್ನೇ ಹುಡುಕಬೇಡಿ, ಜಾಸ್ತಿ ಮಾತಾಡುವವರು ಸಿಕ್ಕರೆ ಸಾಕು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಂದಿಸಿಕೊಳ್ಳಿ. ನಮ್ಮ ಬಿಸಿಲು ಡಿಸೆಂಬರ್‌ನಲ್ಲೂ ಸುಮ್ನೆ ಇರುವುದಿಲ್ಲ.