ಕೆರೆ ಸುತ್ತೋಕೆ ಐದು ಜನ ಬೇಕಾ?

ಪತ್ರ: ಹೋದ ಸಂಚಿಕೆಯಲ್ಲಿ ಮಾಯವಾದ ಕೆರೆಗಳ ಬಗ್ಗೆ ಬರೆದು ಹೊಟ್ಟೆ ಉರಿಸಿದಿರಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಸರಿ. ಉಳಿದ ಕೆರೆಗಳ ಕಥೆ ಯಾರು ಬರೀತಾರೆ? ನಾವು ಐದು ಜನ ಗೆಳತಿಯರು, ಎಲ್ಲರೂ ಐವತ್ತು ದಾಟಿದವರು. ಮಕ್ಕಳು ಸ್ಕಂದಗಿರಿ ಹತ್ತಿ ಫೋಟೊ ಕಳಿಸ್ತಾರೆ. ನಮ್ಮಲ್ಲೊಬ್ಬಳಿಗೆ ಮಂಡಿ ನೋವು. ಅದಕ್ಕೇ ಊರೊಳಗಿನ ಯಾವುದಾದರೂ ಕೆರೆ ಸುತ್ತಿ ಬರೋಣ ಅಂದುಕೊಂಡೆವು. ಇನ್ನೊಬ್ಬಳು ಮಾತ್ರ, 'ಕೆರೆ ಸುತ್ತೋಕೆ ಐದು ಜನ ಯಾಕೆ, ನಾನು ದಿನಾ ಪಾರ್ಕಲ್ಲಿ ಅದನ್ನೇ ಮಾಡ್ತೀನಲ್ಲ' ಅಂತಾಳೆ. ಅವಳು ವಾಚ್ ನೋಡಿಕೊಂಡು ಹೆಜ್ಜೆ ಎಣಿಸುತ್ತಾ ಓಡೋಳು. ಎಲ್ಲಿಗೆ ಹೋಗೋದು, ಹೇಗೆ ಹೋಗೋದು ಹೇಳಿ. ಹೆಸರು ಹಾಕಬೇಡಿ, ಅವಳೂ ನಿಮ್ಮ ಪತ್ರಿಕೆ ಓದ್ತಾಳೆ.
– ಓದುಗರು, ಜಯನಗರ

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಆದರೆ ಜಯನಗರ, ಐದು ಜನ, ಒಂದು ಮಂಡಿ, ಒಂದು ವಾಚು ಅಂತ ಓದಿದ ಮೇಲೆ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಅದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಸುಮ್ನೆ ಸುತ್ತು ಹಾಕೋದೇ ಆದರೆ ಐದು ಜನ ಬೇಡ, ಕೆರೆಯೂ ಬೇಡ, ಮನೆ ಟೆರೇಸ್ ಸಾಕು. ಕೆರೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿಕೊಂಡು ನಡೆಯಿರಿ. ಒಬ್ಬರು ಕಾಲುವೆ ನೋಡುತ್ತಾರೆ, ಒಬ್ಬರು ಹಕ್ಕಿ, ಇನ್ನೊಬ್ಬರು ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿ. ಐದು ಜನ ಬೇಕಾಗೋದು ಆಗ.

ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿ ಇಲ್ಲ. ಊರು ಕೂತಿರೋದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಈ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಆ ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹೀಗೆ ಓಡಿಹೋಗುವ ನೀರಿಗೆ ಹಿಂದಿನವರು ಅಲ್ಲಲ್ಲಿ ಏರಿ ಹಾಕಿ ನಿಲ್ಲಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಈಗ ನಾವು ಮೂಗು ಮುಚ್ಚಿಕೊಂಡು ದಾಟುವ ರಾಜಕಾಲುವೆ ಮಾಡುತ್ತಿದ್ದ ಕೆಲಸ ಇದೇ.

ಅದಕ್ಕೇ ಯಾವ ಕೆರೆಗೆ ಹೋದರೂ ಮೊದಲು ನೀರು ಒಳಗೆ ಬರುವ ಜಾಗ ಹುಡುಕಿ. ಅಲ್ಲಿ ನೀರಿನ ಆಳ ಕಮ್ಮಿ, ಜೊಂಡು ಬೆಳೆದಿರುತ್ತದೆ, ಹಕ್ಕಿಗಳೂ ಅಲ್ಲೇ ಜಾಸ್ತಿ. ಆಮೇಲೆ ದಂಡೆ ಹಿಡಿದು ಏರಿಗೆ ಬನ್ನಿ. ಏರಿಯ ಮಧ್ಯೆ ನಿಂತು ಎರಡೂ ಕಡೆ ನೋಡಬೇಕು, ಇದನ್ನು ತಪ್ಪಿಸಬೇಡಿ. ಒಂದು ಕಡೆ ಕಲ್ಲು ಕಟ್ಟಿದ ಇಳಿಜಾರು, ಅದರ ಬುಡದಲ್ಲಿ ನೀರು. ಇನ್ನೊಂದು ಕಡೆ ನೆಲ ದಿಢೀರಂತ ಕೆಳಗೆ. ಅಲ್ಲಿನ ಮನೆಗಳ ಹೊಸಿಲು ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುತ್ತದೆ. ಒಂದು ಕಾಲದಲ್ಲಿ ಅದು ಭತ್ತದ ಗದ್ದೆ. ಜೋರು ಮಳೆಗೆ ಯಾವ ಬಡಾವಣೆಯಲ್ಲಿ ಯಾಕೆ ನೀರು ನುಗ್ಗುತ್ತದೆ ಅನ್ನೋದು ಏರಿ ಮೇಲೆ ನಿಂತರೆ ಎರಡೇ ನಿಮಿಷಕ್ಕೆ ಅರ್ಥವಾಗುತ್ತದೆ. ಟೀವಿ ಚರ್ಚೆ ಬೇಡ.

ಅದೃಷ್ಟ ಇದ್ದರೆ ಹಳೇ ತೂಬು ಕಾಣಬಹುದು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಗಲ್ಲು. ಆ ತೂತಿನಲ್ಲಿ ಇಳಿಬಿಟ್ಟ ಗಳವನ್ನು ನೀರುಗಂಟಿ ಮೇಲೆತ್ತಿದರೆ, ಅಡಿಯಲ್ಲಿದ್ದ ಬಿರಟೆ ಬಿಟ್ಟುಕೊಂಡು ನೀರು ಏರಿ ಕೆಳಗಿನಿಂದ ಗದ್ದೆಗೆ ಹರಿಯುತ್ತಿತ್ತು. ಊರೊಳಗಿನ ಬಹಳಷ್ಟು ಕೆರೆಗಳಲ್ಲಿ ಇದನ್ನು ಕಿತ್ತುಹಾಕಿ ಟೈಲ್ಸ್ ಹಾಕಿದ್ದಾರೆ. ಕೆರೆ ಅಭಿವೃದ್ಧಿ ಅಂದರೆ ಟೈಲ್ಸ್ ಮತ್ತು ಕಮಾನು ಅಂತ ಯಾರು ಹೇಳಿಕೊಟ್ಟರೋ.

ಎಲ್ಲಿಗೆ ಅಂತ ಕೇಳಿದಿರಿ. ಮೊದಲ ಸಲ ಲಾಲ್‌ಬಾಗ್ ಸಾಕು. ನಗಬೇಡಿ. ಜಯನಗರದವರು ಲಾಲ್‌ಬಾಗಿಗೆ ಹೋಗೋದು ನೆಂಟರು ಬಂದಾಗ ಮಾತ್ರ, ಅಲ್ವಾ? 240 ಎಕರೆ ತೋಟದಲ್ಲಿ ಎಲ್ಲರೂ ಗಾಜಿನ ಮನೆ ಹತ್ತಿರ ಗುಂಪುಗೂಡುತ್ತಾರೆ. ಕೆರೆ ಇರೋದು ದಕ್ಷಿಣದ ತುದಿಗೆ. ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಜನ ಸುಸ್ತಾಗಿ ವಾಪಸ್ ಹೋಗಿರುತ್ತಾರೆ. ನಿಮಗೆ ಒಳ್ಳೆಯದೇ ಆಯ್ತು. ಮೆಟ್ರೊ ಇಳಿದು ಪಶ್ಚಿಮದ ಗೇಟಿನಿಂದ ಒಳಗೆ ಹೋಗಿ, ಮರಗಳ ಕೆಳಗೇ ಕೆರೆವರೆಗೆ ನಡೆಯಿರಿ. ದಾರಿ ಸಮವಾಗಿದೆ, ಮಂಡಿಗೆ ತೊಂದರೆ ಇಲ್ಲ. ವಾಪಸ್ ಬರುವಾಗ ಕೆಂಪೇಗೌಡ ಗೋಪುರ ಇರುವ ಬಂಡೆಯ ಮೇಲೆ ಕೂತುಕೊಳ್ಳಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಹಿಮಾಲಯ ತಲೆ ಎತ್ತಲು ಶುರುಮಾಡಿದ್ದು ಸುಮಾರು ಐದು ಕೋಟಿ ವರ್ಷದ ಹಿಂದೆ. ಮಕ್ಕಳು ಸ್ಕಂದಗಿರಿ ಫೋಟೊ ಕಳಿಸಿದರೆ ನೀವು ಇದನ್ನು ಕಳಿಸಿ. ಮಳೆ ಬಂದಿದ್ದರೆ ಮಾತ್ರ ಹತ್ತಬೇಡಿ, ಬಂಡೆ ಜಾರುತ್ತದೆ. ಜನವರಿ 26, ಆಗಸ್ಟ್ 15ರ ಆಸುಪಾಸು ಬೇಡವೇ ಬೇಡ. ಫಲಪುಷ್ಪ ಪ್ರದರ್ಶನದ ಜಾತ್ರೆಯಲ್ಲಿ ಕೆರೆ ಇರಲಿ, ಒಬ್ಬರಿಗೊಬ್ಬರು ಕಾಣಿಸೋದಿಲ್ಲ.

ಸ್ಯಾಂಕಿ ಕೆರೆ ಯಾಕಾಗಬಾರದು ಅನ್ನಬಹುದು. 1882ರಲ್ಲಿ ಕಟ್ಟಿದ್ದು, ಚೆಂದವೇ. ಆದರೆ ಬೆಳಿಗ್ಗೆ ಅಲ್ಲಿ ವಾಕಿಂಗ್‌ನವರದೇ ಭರಾಟೆ. ನಿಮ್ಮ ವಾಚಿನ ಗೆಳತಿಗೆ ಅಲ್ಲಿ ದೊಡ್ಡ ಬಳಗ ಸಿಕ್ಕಿಬಿಡುತ್ತದೆ.

ಎರಡನೇ ಸಲ ಜಕ್ಕೂರು ಕೆರೆ. ನಿಮಗೆ ದೂರ, ಊರಿನ ಆ ತುದಿ, ಆದರೂ ಹೋಗಿ. ಸುಮಾರು 160 ಎಕರೆ. ನೀರಿನ ಜಾಡು ಹಿಡಿದು ನಡೆಯೋದಕ್ಕೆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ಇಲ್ಲಿ ಮನೆಗಳ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಜೊಂಡು ಬೆಳೆಸಿದ ಜೌಗು ಜಾಗಕ್ಕೆ ಬರುತ್ತದೆ. ಘಟಕದಲ್ಲಿ ಉಳಿದ ಸಾರಜನಕ, ರಂಜಕವನ್ನು ಗಿಡಗಳು ಹೀರಿಕೊಳ್ಳುತ್ತವೆ. ಆಮೇಲೆ ನೀರು ಕೆರೆಗೆ. ಇದರಿಂದಾಗಿ ಬೇಸಿಗೆಯಲ್ಲೂ ಕೆರೆ ಬತ್ತೋದಿಲ್ಲ. ತುಂಬಿ ಹರಿದದ್ದು ಮುಂದಿನ ರಾಚೇನಹಳ್ಳಿ ಕೆರೆಗೆ. ನಿಮ್ಮ ಬಚ್ಚಲಿನ ನೀರು ಹಕ್ಕಿ ಕೂರುವ ನೀರಾಗುವುದನ್ನು ಒಂದೇ ಬೆಳಿಗ್ಗೆ, ಒಂದೇ ನಡಿಗೆಯಲ್ಲಿ ನೋಡಬಹುದು. ಬೆಳಿಗ್ಗೆ ಬೇಗ ಹೋದರೆ ತೆಪ್ಪದಲ್ಲಿ ಬಲೆ ಎಳೆಯುವವರೂ ಸಿಗಬಹುದು.

ಈಗ ವಾಚಿನವರ ವಿಷಯ. ನಿಧಾನ, ನಿಧಾನ ಅಂತ ಬೇಡಿಕೊಂಡರೆ ಯಾರೂ ನಿಧಾನ ಆಗೋದಿಲ್ಲ. ಅವರ ಕೊರಳಿಗೆ ಬೈನಾಕ್ಯುಲರ್ ಹಾಕಿ. ಓಡುತ್ತಾ ಬೈನಾಕ್ಯುಲರ್‌ನಲ್ಲಿ ನೋಡಲು ಆಗೋದಿಲ್ಲ, ನಿಲ್ಲಲೇಬೇಕು. ಮೊದಲು ಕೊಳದ ಬಕ ಹುಡುಕಲು ಹೇಳಿ. ದಂಡೆಯಲ್ಲೇ, ನಿಮ್ಮ ಕಾಲಿನಿಂದ ಹತ್ತಡಿ ದೂರದಲ್ಲಿ, ಕತ್ತು ಒಳಗೆ ಎಳೆದುಕೊಂಡು ಕೂತಿರುತ್ತದೆ. ಮೈ ಪೂರ್ತಿ ಮಣ್ಣಿನ ಬಣ್ಣ, ಕತ್ತಿನ ಮೇಲೆ ಕಂದು ಗೀರು. ಕಾಣೋದೇ ಇಲ್ಲ. ಗಾಬರಿಯಾಗಿ ಎದ್ದಾಗ ನೋಡಬೇಕು, ರೆಕ್ಕೆ ಅಚ್ಚ ಬಿಳಿ. ಇಳಿದು ರೆಕ್ಕೆ ಮಡಚಿದರೆ ಮತ್ತೆ ಮಣ್ಣು. ನೀರುಕಾಗೆ ಇನ್ನೂ ಸುಲಭ. ಒಣಕೊಂಬೆಯ ಮೇಲೆ ಎರಡೂ ರೆಕ್ಕೆ ಅಗಲಿಸಿ ನಿಂತಿರುತ್ತದೆ. ಅದರ ಪುಕ್ಕ ಬಾತುಕೋಳಿಯದರಷ್ಟು ನೀರು ತಡೆಯೋದಿಲ್ಲ, ಮುಳುಗಿ ಎದ್ದ ಮೇಲೆ ಒಣಗಿಸಲೇಬೇಕು. ದೊಡ್ಡ ಕೊಕ್ಕಿನ ಕೆಳಗೆ ಚೀಲ ಇದ್ದರೆ ಅದು ಹೆಜ್ಜಾರ್ಲೆ. ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮಧ್ಯದ ಮರಗಳ ಮೇಲೆ ಗೂಡು ಕಟ್ಟೋದು ಇದೇ ಜಾತಿ. ನವೆಂಬರಿನಿಂದ ಫೆಬ್ರವರಿವರೆಗೆ ದೂರದ ಬಾತುಗಳೂ ಬರುತ್ತವೆ, ಚಳಿಗೆ ಶಾಲು ಹೊದ್ದು ಹೋದರೂ ನಷ್ಟ ಇಲ್ಲ.

ಇನ್ನು ಚಿಲ್ಲರೆ ವಿಷಯ. ಬಹಳಷ್ಟು ಕೆರೆಗಳ ಗೇಟ್ ಬೆಳಿಗ್ಗೆ ಕೆಲವು ಗಂಟೆ ತೆರೆದು, ಮಧ್ಯಾಹ್ನ ಹಾಕಿ, ಸಂಜೆ ಮತ್ತೆ ತೆಗೆಯುತ್ತಾರೆ. ಬೋರ್ಡ್ ನೋಡಿಕೊಂಡು ಹೋಗಿ, ಆರೂವರೆಗೆಲ್ಲ ಒಳಗಿರಿ. ಮಂಡಿ ನೋವಿನವರು ಮುಂದೆ ನಡೆಯಲಿ, ಉಳಿದವರು ಅವರ ಹಿಂದೆ. ಮೀನಿಗೆ ಬ್ರೆಡ್, ಮಂಡಕ್ಕಿ ಎಸೆಯಬೇಡಿ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಹೋದರೆ ಹೊರಗೆ ಬಂದು ತಿನ್ನಿ. ಲಾಲ್‌ಬಾಗ್ ದಿನ ಡಬ್ಬಿಯೇ ಬೇಡ. ಲಾಲ್‌ಬಾಗ್ ರಸ್ತೆಯಲ್ಲಿರುವ, 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲಿನಲ್ಲಿ ರವೆ ಇಡ್ಲಿ ತಿನ್ನಬಹುದು. ಭಾನುವಾರ ಕ್ಯೂ ಇರುತ್ತದೆ, ಐದು ಜನ ಇದ್ದೀರಲ್ಲ, ಮಾತಿಗೇನು ಬರ.

ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಯಜಮಾನರನ್ನೂ ಕರೆದುಕೊಂಡು ಹೋಗಬೇಕಾ? ಜಕ್ಕೂರಿಗೆ ಬೇಕಾದರೆ ಬರಲಿ, ಕಾರು ಓಡಿಸೋಕೆ ಒಬ್ಬರು ಬೇಕಲ್ಲ. ಲಾಲ್‌ಬಾಗಿಗೆ ಬೇಡ, ಮೆಟ್ರೊ ಇದೆ.