ವರ್ಚುವಲ್ ಐಪಿ ಬೇರೆ ಎಂದು ರೂಟರ್ ಕೂಗಿದರೆ ಗ್ರೂಪ್ ನಂಬರ್ ಮುಟ್ಟಬೇಡಿ

ಪ್ರಶ್ನೆ: ನಮ್ಮಲ್ಲಿ ಎಚ್‌ಎಸ್‌ಆರ್‌ಪಿ (ಆ್ಯಕ್ಟಿವ್ ರೂಟರ್ ಕೆಟ್ಟರೆ ಕಾಯುತ್ತಿರುವ ಸ್ಟ್ಯಾಂಡ್‌ಬೈ ಅದರ ಜಾಗಕ್ಕೆ ಬರುವ ವ್ಯವಸ್ಥೆ) ಹಾಕಿದ ಎರಡು ಗೇಟ್‌ವೇ ರೂಟರ್‌ಗಳಿವೆ. ವಿಲ್ಯಾನ್ 10, 20 (ಅವೇ ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ಜಾಲಗಳು) ಎರಡಕ್ಕೂ ಗ್ರೂಪ್ 1 (ರೂಟರ್ ಜೋಡಿಯ ಗುರುತಿನ ಸಂಖ್ಯೆ) ಹಾಕಿದ್ದೇವೆ. ವಿಲ್ಯಾನ್ 10ರ ವರ್ಚುವಲ್ ಐಪಿ (ಜೋಡಿ ಹಂಚಿಕೊಳ್ಳುವ ಗೇಟ್‌ವೇ ವಿಳಾಸ) ಎರಡೂ ರೂಟರಿನಲ್ಲಿ 10.10.10.1. ಆದರೂ ಆ್ಯಕ್ಟಿವ್ ರೂಟರಿನ ವಿಳಾಸ 10.10.20.1, ಇಲ್ಲಿನದಕ್ಕೆ ಹೊಂದುತ್ತಿಲ್ಲ ಎಂದು ಲಾಗ್‌ನಲ್ಲಿ ಬರುತ್ತಲೇ ಇದೆ. ಗ್ರೂಪ್ ನಂಬರ್ ಬದಲಿಸಿ ಎಂದು ಒಬ್ಬರು ಹೇಳಿದರು. ಬದಲಿಸಲೇ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಪ್ರತಿ ಸಲವೂ ಇದೇ ಸಲಹೆ ಕೊಟ್ಟ ಪುಣ್ಯಾತ್ಮ ಒಬ್ಬ ಇರುತ್ತಾನೆ. ನಂಬರ್ ಬದಲಿಸಿದರೆ ಮೆಸೇಜ್ ನಿಲ್ಲುತ್ತದೆ, ನಿಜ. ಬೇರೆ ಗ್ರೂಪಿನ ಹಲೋ ಪ್ಯಾಕೆಟನ್ನು (ತಾನು ಇದ್ದೇನೆ ಎಂದು ರೂಟರ್ ಆಗಾಗ ಕಳಿಸುವ ಸುದ್ದಿ) ಆ ಗ್ರೂಪ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಆ ಹಲೋ ಬರುತ್ತಲೇ ಇರುತ್ತದೆ.

10.10.20.1 ಯಾರದು? ನಿಮ್ಮದೇ ವಿಲ್ಯಾನ್ 20ರದು ಅಲ್ವಾ? ಅಂದರೆ 20ರ ಹಲೋ 10ರೊಳಗೆ ಬಂದು ಬೀಳುತ್ತಿದೆ. ಎರಡಕ್ಕೂ ಗ್ರೂಪ್ 1 ಹಾಕಿದ್ದಕ್ಕೇ ಇದು ಸಿಕ್ಕಿಬಿತ್ತು. ಗೇಟ್‌ವೇ ಸೆಟ್ಟಿಂಗ್ ಸರಿಯಾಗಿಯೇ ಇದೆ, ಬೆರೆತಿರುವುದು ಸ್ವಿಚ್‌ಗಳಲ್ಲಿ. ಇವತ್ತು ಹಲೋ ದಾಟಿದ ಕಡೆ ಎಆರ್‌ಪಿ (ಐಪಿಗೆ ಸೇರಿದ ಮ್ಯಾಕ್, ಅಂದರೆ ಹಾರ್ಡ್‌ವೇರ್ ವಿಳಾಸ, ಕೇಳುವುದು), ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವುದು) ಕೂಡ ದಾಟುತ್ತವೆ. ನಾಳೆ 10ರ ಕಂಪ್ಯೂಟರಿಗೆ 20ರ ವಿಳಾಸ ಸಿಕ್ಕಾಗ ಇನ್ನೊಂದು ಪ್ರಶ್ನೆ ಕಳಿಸುತ್ತೀರಿ.

ಹುಡುಕುವುದು ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ (ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ). ವರ್ಚುವಲ್ ಮ್ಯಾಕ್‌ನ ಕೊನೆಗೆ ಗ್ರೂಪ್ ನಂಬರ್ ಇರುತ್ತದೆ, ಹಾಗಾಗಿ ನಿಮ್ಮ ಎರಡೂ ವಿಲ್ಯಾನಿಗೆ ಅದೇ ಮ್ಯಾಕ್. ಸ್ವಿಚ್ ಒಂದೊಂದು ವಿಲ್ಯಾನಿಗೂ ಬೇರೆ ಲೆಕ್ಕ ಇಡುವುದರಿಂದ ಅದು ತೊಂದರೆಯಲ್ಲ. ಆಕ್ಸೆಸ್ ಸ್ವಿಚ್‌ನಲ್ಲಿ (ಕಂಪ್ಯೂಟರುಗಳು ಸೇರುವ ಸ್ವಿಚ್) ಆ ಮ್ಯಾಕ್ ಅಪ್‌ಲಿಂಕ್ (ರೂಟರಿನ ಕಡೆಗೆ ಹೋಗುವ ಪೋರ್ಟ್) ಮೇಲೆಯೇ ನಿಂತಿರಬೇಕು. ಬೇರೆ ಪೋರ್ಟಿಗೆ ಹಾರುತ್ತಿದ್ದರೆ ಆ ಕೇಬಲ್ ಹಿಡಿದು ಹೋಗಿ. ಕೊನೆಗೆ ಸಿಗುವುದು ಹೆಚ್ಚಾಗಿ ಎರಡರಲ್ಲಿ ಒಂದು: ಬೇರೆ ಬೇರೆ ವಿಲ್ಯಾನಿನ ಪೋರ್ಟುಗಳನ್ನು ಜೋಡಿಸಿದ ಪ್ಯಾಚ್ ಕೇಬಲ್, ಇಲ್ಲವೇ ಎರಡು ತುದಿಯಲ್ಲಿ ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದೆ ಸಾಗುವ ವಿಲ್ಯಾನ್) ಬೇರೆಯಾಗಿರುವ ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವ ಲಿಂಕ್). ಎರಡನೆಯದನ್ನು ಸಿಡಿಪಿ (ಪಕ್ಕದ ಸಾಧನವನ್ನು ಗುರುತಿಸುವ ಸಿಸ್ಕೊ ಪ್ರೊಟೊಕಾಲ್) ತಾನೇ ಲಾಗ್‌ನಲ್ಲಿ ಹೇಳುತ್ತದೆ, ನೀವು ಅದನ್ನು ಆಫ್ ಮಾಡಿರದಿದ್ದರೆ. ಆಕ್ಸೆಸ್ ಪೋರ್ಟುಗಳಲ್ಲಿ ಬಿಪಿಡಿಯು ಗಾರ್ಡ್ (ಸ್ವಿಚ್ ಪೋರ್ಟುಗಳು ಕಳಿಸುವ ಬಿಪಿಡಿಯು ಸಂದೇಶ ಬಂದರೆ ಪೋರ್ಟ್ ಮುಚ್ಚುವ ಕಾವಲು) ಇದ್ದಿದ್ದರೆ ಅಂಥ ಕೇಬಲ್ ಚುಚ್ಚಿದ ಕೂಡಲೇ ಪೋರ್ಟ್ ಮುಚ್ಚಿಕೊಳ್ಳುತ್ತಿತ್ತು. ಅದರ ಬದಲು ಬಿಪಿಡಿಯು ಫಿಲ್ಟರ್ ಹಾಕಿ ಆ ಸಂದೇಶಗಳ ಬಾಯಿ ಮುಚ್ಚಿಸಿದವರೇ ಜಾಸ್ತಿ. ಫಿಲ್ಟರ್ ತೆಗೆಯಿರಿ, ಆದರೆ ಕೆಲಸದ ಹೊತ್ತಿನಲ್ಲಿ ಬೇಡ. ಯಾವ ಪೋರ್ಟ್ ಬೀಳುತ್ತದೋ ಹೇಳಲಾಗದು.

ಮೆಸೇಜಿನಲ್ಲಿ ಕಂಡ ವಿಳಾಸ ಅದೇ ಸಬ್‌ನೆಟ್‌ನದಾಗಿದ್ದರೆ, ಉದಾಹರಣೆಗೆ 10.10.10.254, ಕಥೆ ಬೇರೆ. ಒಂದು ಕಡೆ ತಪ್ಪು ಟೈಪ್ ಆಗಿರಬಹುದು. ಅದನ್ನು ಬಿಟ್ಟುಬಿಟ್ಟರೆ ಆ್ಯಕ್ಟಿವ್ ಕೆಟ್ಟ ದಿನ ಸ್ಟ್ಯಾಂಡ್‌ಬೈ ಬೇರೆ ವಿಳಾಸ ಹೊತ್ತು ಏಳುತ್ತದೆ, ಯಾರ ಗೇಟ್‌ವೇಯೂ ಉತ್ತರ ಕೊಡುವುದಿಲ್ಲ. ಇಲ್ಲವೇ ಅದೇ ವಿಲ್ಯಾನಿನಲ್ಲಿ ಬೇರೆಯವರ ರೂಟರ್ ಜೋಡಿ ಅದೇ ಗ್ರೂಪ್ ಬಳಸುತ್ತಿರಬಹುದು. ಆಗ ಮಾತ್ರ ನಂಬರ್ ಬದಲಿಸಿ, ನಿಮ್ಮ ಎರಡೂ ರೂಟರಿನಲ್ಲಿ.

ಪ್ರಶ್ನೆ: ಎರಡೂ ರೂಟರ್ ತಾನೇ ಆ್ಯಕ್ಟಿವ್ ಅನ್ನುತ್ತಿವೆ. ಪ್ರಯಾರಿಟಿ (ಯಾವುದು ಆ್ಯಕ್ಟಿವ್ ಎಂದು ನಿರ್ಧರಿಸುವ ಅಂಕಿ) ಏರಿಸಲೇ?

ಉತ್ತರ: ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿಲ್ಲ, ಪ್ರಯಾರಿಟಿ ಏನು ಮಾಡೀತು? ಟ್ರಂಕ್‌ನಲ್ಲಿ ಆ ವಿಲ್ಯಾನ್ ಇದೆಯೇ, ಹಲೋ ಬಳಸುವ ಯುಡಿಪಿ ಪೋರ್ಟ್ 1985 ಅನ್ನು ಎಸಿಎಲ್ (ಪ್ಯಾಕೆಟ್ ಬಿಡುವ, ತಡೆಯುವ ನಿಯಮಗಳ ಪಟ್ಟಿ) ತಡೆದಿದೆಯೇ ನೋಡಿ.

ಪ್ರಶ್ನೆ: ಒಂದು ಕಡೆ ಎಚ್‌ಎಸ್‌ಆರ್‌ಪಿ, ಇನ್ನೊಂದು ಕಡೆ ವಿಆರ್‌ಆರ್‌ಪಿ (ಅದೇ ಕೆಲಸ ಮಾಡುವ ಇನ್ನೊಂದು ಪ್ರೊಟೊಕಾಲ್) ನಡೆಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಕೀಪ್‌ಅಲೈವ್‌ಡಿ (ಲಿನಕ್ಸ್‌ನಲ್ಲಿ ವಿಆರ್‌ಆರ್‌ಪಿ ನಡೆಸುವ ತಂತ್ರಾಂಶ) 'ಬೋಗಸ್ ವಿಆರ್‌ಆರ್‌ಪಿ ಪ್ಯಾಕೆಟ್' ಎನ್ನುತ್ತಿದೆ. ರೀಬೂಟ್ ಸಾಕೇ?

ಉತ್ತರ: ರೀಬೂಟ್ ಮಾಡಿದರೆ ಕಾನ್ಫಿಗ್ ಫೈಲ್ ತಿದ್ದಿಕೊಳ್ಳುವುದಿಲ್ಲ. ಎರಡೂ ಕಡೆಯ ವರ್ಚುವಲ್ ವಿಳಾಸಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಓದಿ. ಒಂದೇ ಇದ್ದರೆ ಅದೇ ವಿಆರ್‌ಐಡಿಯನ್ನು (ವಿಆರ್‌ಆರ್‌ಪಿಯ ಗ್ರೂಪ್ ನಂಬರ್) ಇನ್ಯಾರು ಬಳಸುತ್ತಿದ್ದಾರೆ ಎಂದು ಪ್ಯಾಕೆಟ್ ಹಿಡಿದು ನೋಡಿ.